ಹತ್ತು ರೋಗಿಗಳು ಬೇಕಾಗಿದ್ದಾರೆ

ಡಾಕ್ಟರ್ ವಸಂತಕುಮಾರರು ಶನಿವಾರ ಸಂಜೆ ಆಡಿದ ಒಂದು ಮಾತು ಅವರ ಭಾನುವಾರವನ್ನು ಪೂರ್ತಿ ತಿಂದುಹಾಕಿತು.

ದವಾಖಾನೆಗೆ ಬೀಗ ಹಾಕುತ್ತ ಅವರು ಕೂಲಿಗಳ ಮುಕಾದಮ ಬಾಲಪ್ಪನಿಗೆ, "ನಾಳೆ ನಿಧಿಯವರು ತಪಾಸಣೆಗೆ ಬರ್ತಾರೆ. ಸ್ವಲ್ಪ ನೋಡಿಕೊಳ್ಳಿ" ಎಂದಿದ್ದರು. ಬಾಲಪ್ಪ ಎಲ್ಲ ನೋಡಿಕೊಳ್ಳುತ್ತೇನೆ ಎಂದು, ಕಿಸೆಯಿಂದ ಮಡಿಸಿದ ಕಾಗದವೊಂದನ್ನು ತೆಗೆದು, ಇದಕ್ಕೊಂದು ಸಹಿ ಬೇಕಿತ್ತು ಎಂದ. ಅವನು ಆ ಕಾಗದ ತೆಗೆಯುವುದೂ, ಡಾಕ್ಟರು ನಾಳೆ ಓದಿ ನೋಡೋಣ ಎನ್ನುವುದೂ ಒಂದು ತಿಂಗಳಿಂದ ನಡೆದಿತ್ತು. ಅಂದೂ ನಾಳೆ ಎಂದೇ ಹೇಳಿ ಅವರು ಬಸ್ ಹಿಡಿದರು.

ಇದು ೧೯೮೬ರ ಮಾತು. ವಸಂತಕುಮಾರರ ಡಾಕ್ಟರಿಕೆ ಓದಿಗೆ ಹದಿನೆಂಟು ಸಾವಿರ ಸಾಲ ಕೊಟ್ಟದ್ದು ಡೊಂಬಿವಲಿಯಲ್ಲಿ ಕರಾವಳಿಯವರು ನಡೆಸುತ್ತಿದ್ದ ಒಂದು ವಿದ್ಯಾನಿಧಿ. ಓದಿದವನು ಡಾಕ್ಟರಿಲ್ಲದ ಜಾಗದಲ್ಲಿ ಮೂರು ವರ್ಷ ಸೇವೆ ಮಾಡಿದರೆ ಸಾಲವನ್ನು ನಿಧಿಯೇ ಮನ್ನಾ ಮಾಡುತ್ತಿತ್ತು. ಕೊನೆಯಲ್ಲಿ ಕಾರ್ಯದರ್ಶಿ ಖುದ್ದಾಗಿ ಬಂದು, ಹತ್ತು ರೋಗಿಗಳನ್ನಾದರೂ ಕಣ್ಣಾರೆ ನೋಡಿ, ರುಜು ಹಾಕಬೇಕು. ಅಷ್ಟಾದರೆ ಡಾಕ್ಟರು ಸ್ವತಂತ್ರರು. ನೆರೂಳದಲ್ಲಿ ನುಣುಪು ನೆಲದ, ನಲ್ಲಿ ನೀರಿನ ಒಂದು ಕೋಣೆಯನ್ನು ಅವರು ಸ್ವಂತ ದವಾಖಾನೆಗೆಂದು ಆಗಲೇ ನೋಡಿಟ್ಟಿದ್ದರು. ಸೋಮವಾರ ಮುಂಗಡ ಕೊಡುವುದೊಂದು ಬಾಕಿ.

ಅವರು ಸೇವೆ ಮಾಡುತ್ತಿದ್ದ ತುರ್ಭೆಯ ವಸ್ತಿಯಲ್ಲಿ ಗುಲಬರ್ಗಾ, ರಾಯಚೂರು ಕಡೆಯವರ ಇನ್ನೂರು ಮನೆಗಳಿದ್ದವು. ಗಂಡಸರೂ ಹೆಂಗಸರೂ ಕಟ್ಟಡದ ಕೆಲಸಕ್ಕೆ, ಮೂಟೆ ಹೊರುವ ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ಕೆಲಸಕ್ಕೆ ಹಚ್ಚುವವನು ಬಾಲಪ್ಪ. ತಪಾಸಣೆ ಎಂದರೇನೆಂದು ಅವನಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಎಂಜಿನಿಯರ್ ಬರುವ ಹಿಂದಿನ ದಿನ ಬಿರುಕಿಗೆ ಗಾರೆ ಮೆತ್ತಬೇಕು, ಸೋರುವ ಗೋಡೆಗೆ ಸುಣ್ಣ ಬಳಿಯಬೇಕು, ಒಡೆದ ಇಟ್ಟಿಗೆಯನ್ನು ಲಾರಿಗೆ ತುಂಬಿ ಕಣ್ಣಿಗೆ ಕಾಣದ ಕಡೆ ಸಾಗಿಸಬೇಕು.

ಭಾನುವಾರ ಬೆಳಿಗ್ಗೆ ಡಾಕ್ಟರು ಬಂದಾಗ ದವಾಖಾನೆ ಮದುವಣಗಿತ್ತಿಯಂತೆ ಬೆಳ್ಳಗೆ ನಿಂತಿತ್ತು. ರೋಗಿಗಳ ಬೆಂಚು ಮಾಯವಾಗಿ ಅಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ ಕುಳಿತಿತ್ತು. ಒಳಗೋಡೆಯ ಮೇಲೆ ಅವರೇ ನೀಲಿ ಎಣ್ಣೆಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದ "ಓದಿಸದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ" ಎಂಬ ಬುದ್ಧಿಮಾತಿನ ಮೇಲೂ ಸುಣ್ಣ ಹರಿದಿತ್ತು. ರೋಗಿ ಮಾತ್ರ ಒಬ್ಬರೂ ಇರಲಿಲ್ಲ.

ನಿನ್ನೆ ಮಲೇರಿಯಾದಲ್ಲಿ ನಡುಗುತ್ತ ಮಲಗಿದ್ದ ಸಿದ್ರಾಮ ತನ್ನ ಮದುವೆಯ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದ. ಆರಾಮಾಗಿದ್ದೇನೆ ಎಂದು ಅವನು ಹೇಳಿದ್ದು ಹಲ್ಲು ಕಟಕಟಿಸುವ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಮೂರು ವರ್ಷದಿಂದ ದಿನಾ ಬಂದು ಮೊಣಕಾಲಿನ ಪುರಾಣ ಹೇಳುತ್ತಿದ್ದ ಶರಣಬಸಮ್ಮ ಮುದುಕಿ, ಎರಡು ಕೊಡ ನೀರು ಹೊತ್ತು ಅವರ ಮುಂದೆಯೇ ಸರಸರ ನಡೆದುಹೋದಳು. ಸ್ವಲ್ಪ ಹೊತ್ತಿಗೆ ಅದೇ ಕೊಡಗಳನ್ನು ಹೊತ್ತು ವಾಪಸು ಬಂದಳು.

ಡಾಕ್ಟರು ವೋಟು ಕೇಳುವವರಂತೆ ಮನೆಮನೆಗೆ ಹೋದರು. ಎಲ್ಲೆಡೆ ಆರೋಗ್ಯವೇ ಆರೋಗ್ಯ. ಒಂದು ಮನೆಯ ಪರದೆಯ ಹಿಂದೆ ಯಾರೋ ಕೆಮ್ಮಿದರು, ತಕ್ಷಣ ಅಲ್ಲಿಯ ರೇಡಿಯೊ ಜೋರಾಯಿತು. ಕೊನೆಗೆ ಸಿಕ್ಕ ಬಾಲಪ್ಪ ಹೆಮ್ಮೆಯಿಂದ ಒಪ್ಪಿಸಿದ ವರದಿಯ ಪ್ರಕಾರ, ಏಳಲಾಗದ ಹದಿನಾಲ್ಕು ಜನರನ್ನು ಉಳ್ಳಾಗಡ್ಡಿ ಲಾರಿಯಲ್ಲಿ ಕೂರಿಸಿ ಹತ್ತಿರದ ಮಹಾಪೆಗೆ ಕಳಿಸಲಾಗಿತ್ತು.

"ರೋಗಿಗಳನ್ನ ಯಾಕೆ ಕಳಿಸಿದಿರಿ ಬಾಲಪ್ಪ?"

"ಎಂಜಿನಿಯರ್ ಬಂದಾಗ ಬಿರುಕ ಬಿಟ್ಟ ಗ್ವಾಡಿ ತೋರಿಸ್ತಾರೇನ್ರಿ ಸಾಹೇಬ್ರ? ನಿಮ್ಮ ಮರ್ಯಾದಿ ಅಂದ್ರ ನಮ್ಮ ಮರ್ಯಾದಿ."

ಡಾಕ್ಟರು ಉತ್ತರಿಸುವ ಮೊದಲೇ ಕಾರ್ಯದರ್ಶಿ ಮೋಹನದಾಸರ ಫಿಯಟ್ ಕಾರು ಧೂಳೆಬ್ಬಿಸುತ್ತ ಬಂದು ನಿಂತಿತು. ಡೊಂಬಿವಲಿಯಲ್ಲಿ ಎರಡು ಹೋಟೆಲುಗಳ ಯಜಮಾನರಾದ ಅವರು ಕುರ್ಚಿಯಲ್ಲಿ ಕುಳಿತು, ಫೈಲು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಶರಣಬಸಮ್ಮ ಐದನೆಯ ಸಲ ನೀರು ಹೊತ್ತು ದಾಟಿದಳು.

ಇಲ್ಲಿ ಯಾರಿಗೂ ಕಾಯಿಲೆ ಬರುವುದಿಲ್ಲವೇ ಎಂದು ಕಾರ್ಯದರ್ಶಿ ಕೇಳಿದರು.

"ನಮ್ಮ ಡಾಕ್ಟರ್ ಬಂದ ಮ್ಯಾಲ ಜಡ್ಡು ಈ ಓಣಿ ಹೆಸರು ತಗೊಳ್ಳೋದ ಬಿಟ್ಟದ್ರಿ" ಎಂದ ಬಾಲಪ್ಪ.

"ಹಾಗಾದರೆ ಮೂರು ವರ್ಷ ಇವರಿಗೆ ಇಲ್ಲಿ ಎಂತ ಕೆಲಸ ಮಾರಾಯ್ರೆ?" ಎಂದು ಮೋಹನದಾಸರು ಪೆನ್ನಿಗೆ ಮುಚ್ಚಳ ಹಾಕಿದರು.

ವಸಂತಕುಮಾರರು ಬಾಲಪ್ಪನನ್ನು ಹಿಂದಕ್ಕೆ ಕರೆದೊಯ್ದು, ಹತ್ತು ರೋಗಿಗಳು ಕಾಣದಿದ್ದರೆ ಹದಿನೆಂಟು ಸಾವಿರ ತಮ್ಮ ತಲೆಯ ಮೇಲೆ ಉಳಿಯುತ್ತದೆ ಎಂದು ಬಿಡಿಸಿ ಹೇಳಿದರು. ಬಾಲಪ್ಪನ ಮುಖ ಇಳಿಯಿತು. ಮರುಗಳಿಗೆ ಬೆಳಗಿತು. ಕೇಳಿದಷ್ಟು ಜನ ಒದಗಿಸುವುದೇ ಅವನ ಕಸುಬು.

"ಮೊದ್ಲ ಹೇಳಬಾರದೇನ್ರಿ? ಹತ್ತ ಯಾಕ, ನಲವತ್ತ ತಗೋರಿ."

ಕಾಲು ಗಂಟೆಯಲ್ಲಿ ನಲವತ್ತು ಜನ ಸಾಲಾಗಿ ಬಂದರು. ನಿಜವಾದ ರೋಗಿಗಳು ಮಹಾಪೆಯಲ್ಲಿದ್ದ ಕಾರಣ, ಬಂದವರೆಲ್ಲ ಕ್ವಿಂಟಲ್ ಮೂಟೆಯನ್ನು ಹೂವಿನಂತೆ ಎತ್ತುವ ಪೈಲ್ವಾನರು. ಬಾಲಪ್ಪ ಅವರಿಗೆ ಕೆಲಸ ಹಂಚಿದಂತೆ ರೋಗ ಹಂಚಿದ್ದ. ಮೊದಲ ಹತ್ತು ಜನ ಹೊಟ್ಟೆ ಹಿಡಿದಿದ್ದರು, ಆಮೇಲಿನ ಹತ್ತು ಜನ ಸೊಂಟ. ನಡುವೆ ಒಬ್ಬ ತನಗೆ ಯಾವುದು ಬಂದಿದೆಯೆಂದು ಪಕ್ಕದವನನ್ನು ಕೇಳುತ್ತಿದ್ದ.

ಮೋಹನದಾಸರು ಮೂವತ್ತು ವರ್ಷ ಹೋಟೆಲು ನಡೆಸಿದವರು. "ನಮ್ಮ ಮಾಣಿಗಳು ರಜೆ ಕೇಳುವಾಗ ಇದಕ್ಕಿಂತ ಚಂದ ಹೊಟ್ಟೆನೋವು ಮಾಡ್ತಾರೆ" ಎಂದು ಫೈಲು ಕಟ್ಟಿ ಎದ್ದರು. ವಸಂತಕುಮಾರರ ಕಣ್ಣ ಮುಂದೆ ನೆರೂಳದ ನುಣುಪು ನೆಲ ಜಾರಿ ಹೋಯಿತು.

ಆಗ ಶರಣಬಸಮ್ಮ ಏಳನೆಯ ಸಲ ನೀರು ತಂದಳು. ಕಾರಿನ ಹತ್ತಿರ ಬರುವಾಗ ಅವಳ ಮೊಣಕಾಲು ಕೈಕೊಟ್ಟಿತು. ಎರಡು ಕೊಡ ನೀರೂ ಮೋಹನದಾಸರ ಬಿಳಿ ಪ್ಯಾಂಟಿನ ಮೇಲೆ. ಡಾಕ್ಟರು ಓಡಿಬಂದು ಅವಳನ್ನು ಎತ್ತಿ ಕೂರಿಸಿ ಕಾಲು ನೋಡತೊಡಗಿದರು. ಮುದುಕಿ ಅತ್ತ ಗಮನ ಕೊಡದೆ ಕಾರ್ಯದರ್ಶಿಯ ಕಡೆ ಬೆರಳು ತೋರಿಸಿದಳು.

"ಸಾವ್ಕಾರ, ಕುಂಟಬ್ಯಾಡ ಅಂತ ಹೇಳಿದ್ರು, ಮುಂಜಾನಿಂದ ಕುಂಟಿಲ್ಲ. ಇನ್ನ ಆಗೂದಿಲ್ಲ. ಹ್ವಾದ ಮಳಿಗಾಲದಾಗ ನಾಲಾ ತುಂಬಿ ಹರೀತಿತ್ತು. ಇವ ಔಷಧಿ ಪೆಟಗಿ ತಲಿ ಮ್ಯಾಲ ಇಟ್ಕೊಂಡು ಎದಿಮಟ ನೀರಾಗ ಬಂದು ನನ್ನ ಸೊಸಿ ಹೆರಿಗಿ ಮಾಡಿಸ್ದ. ಕೂಸಿಗಿ ವಸಂತಾ ಅಂತ ಹೆಸರಿಟ್ಟೀವಿ. ಇವಂಗ ಕೆಲಸಿಲ್ಲ ಅಂತೀಯೇನು ನೀ?"

ಸಿದ್ರಾಮ ಮೆಲ್ಲಗೆ ಮದುವೆಯ ಕೋಟು ಬಿಚ್ಚಿ, ಕುಂಡವನ್ನು ಸರಿಸಿ, ನೆಲದ ಮೇಲೆ ಮುದುಡಿ ಮಲಗಿದ. ರೇಡಿಯೊ ನಿಂತಿತು. ಪರದೆಗಳ ಹಿಂದಿನ ಕೆಮ್ಮುಗಳು ಒಂದೊಂದಾಗಿ ಹೊರಗೆ ಬಂದವು. ಬಾಲಪ್ಪ ಮಹಾಪೆಗೆ ಸೈಕಲ್ಲು ಓಡಿಸಿದ. ಒಂದು ಗಂಟೆಗೆ ಲಾರಿಯೂ ಬಂತು, ಹದಿನಾಲ್ಕು ಜನರ ಜೊತೆ ದಾರಿಯಲ್ಲಿ ಹತ್ತಿಕೊಂಡ ಮಹಾಪೆಯ ಮೂವರು ರೋಗಿಗಳೂ ಇದ್ದರು.

ಮೋಹನದಾಸರು ಒದ್ದೆ ಪ್ಯಾಂಟಿನಲ್ಲೇ ಮೂರು ಗಂಟೆಯವರೆಗೆ ಕುಳಿತರು. ಮೂವತ್ತೊಂದು ರೋಗಿಗಳನ್ನು ಎಣಿಸಿದರು, ಕಡೆಕಡೆಗೆ ಮಾತ್ರೆ ಕಟ್ಟಿಕೊಡುವ ಕೆಲಸವನ್ನೂ ತಾವೇ ವಹಿಸಿಕೊಂಡರು. ಆಮೇಲೆ ಫೈಲು ಬಿಚ್ಚಿ, ದಪ್ಪ ಅಕ್ಷರದಲ್ಲಿ ರುಜು ಹಾಕಿ, ಇಂಥವನಿಗೆ ಸಾಲ ಕೊಟ್ಟದ್ದು ತಮ್ಮ ನಿಧಿಗೇ ಹೆಮ್ಮೆ ಎಂದರು. ಜನ ಚಪ್ಪಾಳೆ ತಟ್ಟಿದರು. ವಸಂತಕುಮಾರರು ಕಣ್ಣೊರೆಸಿಕೊಂಡರು. ಇಲ್ಲೊಂದು ಸಹಿ ಎಂದರು ಮೋಹನದಾಸರು, ಅವರು ಹಾಕಿದರು. ಇಲ್ಲೂ ಒಂದು ಎಂದರು, ಹಾಕಿದರು. "ಹಂಗ ಇಲ್ಲೊಂದ್ರಿ" ಎಂದು ಬಾಲಪ್ಪ ಕಿಸೆಯ ಕಾಗದವನ್ನು ಬಿಡಿಸಿ ಇಟ್ಟ. ಒದ್ದೆ ಕಣ್ಣಿನಲ್ಲಿ ಅದಕ್ಕೂ ಹಾಕಿದರು.

ಈ ಸಲದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಹೆಂಗಸರು ಸಕ್ಕರೆ ಹಂಚಿದರು. ಏನಿದು ಎಂದು ಡಾಕ್ಟರು ಕೇಳಿದರು.

"ಪಕ್ಕಾ ದವಾಖಾನಿ ಕಟ್ಟಾಕ್ರಿ. ಹೆರಿಗಿ ಖೋಲಿ ಸಹಿತ" ಎಂದ ಬಾಲಪ್ಪ. "ಕೈಕೆಲಸ ಪೂರಾ ನಮ್ದು, ಒಂದ ಪೈಸಾ ಕೂಲಿ ಬ್ಯಾಡ. ಸಿಮೆಂಟು, ಕಬ್ಬಿಣ ಸಳಿ, ಮ್ಯಾಲಿನ ಪತ್ರಾಕ್ಕ ನಿಧಿಯವ್ರ ಸಾಲ. ಹದಿನೆಂಟ ಸಾವಿರ."

"ಸಾಲ ಯಾರ ಹೆಸರಿನಲ್ಲಿ?"

"ಡಾಕ್ಟರ ಹೆಸರಲ್ಲಿ ಮಾತ್ರ ಕೊಡುವುದು ನಮ್ಮ ನಿಯಮ" ಎಂದರು ಮೋಹನದಾಸರು. "ಅರ್ಜಿಯನ್ನು ಬಾಲಪ್ಪನವರು ನಮ್ಮ ಆಫೀಸಿನಲ್ಲೇ ಬರೆಸಿಕೊಂಡು ಹೋದರು. ನಿಮಗೆ ಗೊತ್ತುಂಟು ಅಂತಲೇ ನಾನು ಗ್ರಹಿಸಿದ್ದೆ. ನೀವೇನೂ ಮಂಡೆಬಿಸಿ ಮಾಡಬೇಡಿ ಡಾಕ್ಟ್ರೇ. ಇದಕ್ಕೂ ಅದೇ ಕ್ರಮ. ಮೂರು ವರ್ಷ ಇಲ್ಲೇ ಸೇವೆ ಮಾಡಿ, ಸಾಲ ನಾವೇ ಮನ್ನಾ ಮಾಡ್ತೇವೆ."

ವಸಂತಕುಮಾರರು ಗೋಡೆಯ ಕಡೆ ತಿರುಗಿದರು. ಎಣ್ಣೆಬಣ್ಣದ ಮೇಲೆ ನಿಲ್ಲಲಾರದ ಸುಣ್ಣ ಮಧ್ಯಾಹ್ನದ ಕಾವಿಗೆ ಒಣಗಿ ಉದುರಿತ್ತು. ಅವರದೇ ಕೈಬರಹದ ನೀಲಿ ಅಕ್ಷರಗಳು ಒಂದೂ ಬಿಡದೆ ಎದ್ದು ಕಾಣುತ್ತಿದ್ದವು.

ಬಾಗಿಲಾಚೆ ಇನ್ನೂರು ಮನೆಗಳ ಜನ ಅವರನ್ನೇ ನೋಡುತ್ತಿದ್ದರು, ತಮ್ಮ ಮನೆಯ ಮಗನೊಬ್ಬ ಪರೀಕ್ಷೆಯಲ್ಲಿ ಮೊದಲು ಬಂದಿದ್ದಾನೆಂಬಂತೆ. ಡಾಕ್ಟರು ಬಾಲಪ್ಪನ ಕಡೆ ತಿರುಗಿ, ಹೆರಿಗೆ ಕೋಣೆಗೆ ಕಿಟಕಿ ದೊಡ್ಡದಿರಲಿ, ನಾಲೆಯ ಕಡೆ ಬೇಡ ಎಂದರು.

ಅಷ್ಟರಲ್ಲಿ ರೋಗಿಗಳ ಬೆಂಚು ತನ್ನ ಜಾಗಕ್ಕೆ ಮರಳಿತ್ತು. ಶರಣಬಸಮ್ಮ ಅದರ ಮೇಲೆ ಕುಳಿತು ಕಾಲು ಚಾಚಿದಳು.

"ಮೊಣಕಾಲಿಂದು ಮೊದಲಿಂದ ಹೇಳ್ತೀನಿ, ಕೂಡ್ರಿ" ಎಂದಳು. "ಅವಸರೇನಿಲ್ಲ. ಮೂರ ವರ್ಷ ಅದ."