ನನ್ನ ಹೆಂಡತಿ ತಡೆದ ಖೀಮಾ

ನನ್ನದೊಂದು ತಪ್ಪೊಪ್ಪಿಗೆ ಇದೆ. ಸಿಡ್ನಿಗೆ ಬಂದ ಹೊಸದರಲ್ಲಿ, ಹೆಂಡತಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಲ್ಯಾಬಿನಲ್ಲಿ’ ಎಂದಷ್ಟೇ ಹೇಳಿ ಮಳೆ-ಬಿಸಿಲಿನ ಮಾತು ತೆಗೆಯುತ್ತಿದ್ದೆ. ಲ್ಯಾಬ್ ಇದ್ದದ್ದು ಮಾಂಸದ ಫ್ಯಾಕ್ಟರಿಯೊಳಗೆ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಉಡುಪಿಯ ವಿನಯಾ ದಿನವಿಡೀ ಪರೀಕ್ಷಿಸುತ್ತಿದ್ದದ್ದು ದನದ ಖೀಮಾ, ಅಂದರೆ ಅರೆದ ಮಾಂಸ.

ಪೆಂಡಲ್ ಹಿಲ್‌ನ ಭಾರತೀಯ ದಿನಸಿ ಅಂಗಡಿಯಲ್ಲಿ ಒಮ್ಮೆ ಹುಬ್ಬಳ್ಳಿಯ ಆಂಟಿಯೊಬ್ಬರು ಜೊತೆಗಿದ್ದ ವಿನಯಾಳನ್ನು ಕೇಳಿ ಗುಟ್ಟು ರಟ್ಟು ಮಾಡಿದರು. “ಅಲ್ರೀ, ಉಡುಪಿಯವ್ರಾಗಿ ಖೀಮಾ ಫ್ಯಾಕ್ಟರಿಯೊಳಗ ಏನ್ ಕೆಲಸಾರೀ ನಿಮ್ದು?” ನಾನು ತೊಗರಿಬೇಳೆ ಚೀಲದ ಮೇಲಿನ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ವಿನಯಾ ಮಾತ್ರ ನಗುತ್ತ, “ಇಡೀ ತುಂಡಾದ್ರೆ ರೋಗಾಣು ಹೊರಮೈಯಲ್ಲೇ ಇರ್ತದೆ ಆಂಟಿ, ಬಿಸಿಗೆ ಸಾಯ್ತದೆ. ಅರೆದ್ರೆ ಹೊರಗಿನದ್ದು ಒಳಗೆ ಹೋಗ್ತದೆ. ಯಾರಾದ್ರೂ ನೋಡ್ಬೇಕಲ್ಲ?” ಎಂದಳು.

ಆಗ ಟಿವಿಯಲ್ಲಿ ದಿನಾ ಖೀಮಾದ್ದೇ ಸುದ್ದಿ. ತಿಂದರೆ ಮಕ್ಕಳು ಕಾಯಿಲೆ ಬೀಳುತ್ತಾರೆಂದು ಜನ ಹೆದರಿದ್ದರು. ಅಂಥ ವಾರವೇ ಒಂದು ಸ್ಯಾಂಪಲ್ ಅವಳಿಗೆ ಅನುಮಾನ ಹುಟ್ಟಿಸಿತು. ಆ ದಿನದ ಮಾಲನ್ನೆಲ್ಲ ತಡೆದುಬಿಟ್ಟಳು. ಶನಿವಾರ ಬೆಳಿಗ್ಗೆ ಮನೆಗೇ ಮ್ಯಾನೇಜರ್ ಫೋನ್: ಲಾರಿಗಳು ನಿಂತಿವೆ, ಬರೀ ಅನುಮಾನ ತಾನೆ, ಬಂದು ಮಾಲು ಬಿಡಲು ಸಹಿ ಹಾಕು. ಆಸ್ಟ್ರೇಲಿಯಾದಲ್ಲೇ ಕಾಯಂ ನೆಲೆಸಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ಅವಳ ಆ ಕೆಲಸಕ್ಕೇ ಜೋತುಬಿದ್ದಿತ್ತು. ನಾನು ಪಕ್ಕದಲ್ಲಿ ನಿಂತು, “ಹಾಕಿಬಿಡು ಮಾರಾಯ್ತಿ, ನಾವೇನು ತಿನ್ನುವವರಾ?” ಎಂದು ಪಿಸುಗುಟ್ಟಿದೆ. ಅವಳು ಫೋನಿಗೆ ಕೈ ಅಡ್ಡ ಹಿಡಿದು, “ತಿನ್ನುವ ಮಕ್ಕಳಿಗೆ ಅಪ್ಪ ಅಮ್ಮ ಇಲ್ವಾ?” ಎಂದಳು. ಆಮೇಲೆ ಮ್ಯಾನೇಜರ್‌ಗೆ, ಎರಡನೇ ಪರೀಕ್ಷೆ ಮುಗಿಯುವವರೆಗೆ ಸಹಿ ಇಲ್ಲ ಎಂದು ತಣ್ಣಗೆ ಹೇಳಿದಳು.

ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಅವಳು ಮಜ್ಜಿಗೆ ಹುಳಿ ಮಾಡಿ ಎರಡು ಸಲ ಬಡಿಸಿಕೊಂಡಳು. ಸೋಮವಾರ ಫಲಿತಾಂಶ ಬಂತು. ಅನುಮಾನ ನಿಜವಾಗಿತ್ತು. ಮಾಲನ್ನೆಲ್ಲ ನಾಶ ಮಾಡಿದರು. ಮ್ಯಾನೇಜರ್ ಎಲ್ಲರೆದುರು ಅವಳ ಕೈ ಕುಲುಕಿ, ತಮ್ಮ ಮನೆಯಲ್ಲೂ ಇಬ್ಬರು ಚಿಕ್ಕ ಮಕ್ಕಳಿದ್ದಾರೆ ಎಂದರಂತೆ. ಅವಳು ಅದನ್ನು ಹೇಳುವಾಗ ನಾನು ತಲೆ ಎತ್ತಲಿಲ್ಲ.

ಈಗ ಯಾರು ಕೇಳಲಿ ಬಿಡಲಿ, ಅವಳ ಕೆಲಸದ ಬಗ್ಗೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಮೊನ್ನೆ ಪ್ಯಾರಮಟ್ಟಾದ ಸೂಪರ್‌ಮಾರ್ಕೆಟ್ಟಿನಲ್ಲಿ ಖೀಮಾದ ಪೊಟ್ಟಣ ಹಿಡಿದು ಹಿಂದೆಮುಂದೆ ನೋಡುತ್ತಿದ್ದ ಅಜ್ಜಿಯೊಬ್ಬರಿಗೆ, “ಧೈರ್ಯವಾಗಿ ಒಯ್ಯಿರಿ, ನನ್ನ ಹೆಂಡತಿಯಂಥವರು ನೋಡಿರ್ತಾರೆ. ಒಳಗಿನವರೆಗೂ ಬೇಯಿಸಿದರಾಯಿತು” ಎಂದು ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅವರು ಭಕ್ತಿಯಿಂದ ಕೇಳಿ, “ನಿಮ್ಮ ಮನೆಯಲ್ಲಿ ಇದನ್ನ ಹೇಗೆ ಮಾಡ್ತೀರಿ?” ಎಂದರು.

ನಾನು ಗಂಟಲು ಸರಿಮಾಡಿಕೊಂಡು, “ಸ್ವಲ್ಪ ಇಂಗು ಹಾಕಿ ನೋಡಿ” ಎಂದೆ.