ಮಿಂಝರ್‌ಗೆ ಮಂಜೂರಾದ ರಜೆ

ಹತ್ತಕ್ಕಿಂತ ಕಡಿಮೆ ಬಗೆಯ ಗಿಡಮರಗಳಿರುವ ಭೂಮಿಯು ಖಾಲಿ ಭೂಮಿ ಎಂದು ಬಂಜರು ನಿರ್ಣಯ ಕಚೇರಿಯು ನಿರ್ಣಯಿಸಿದೆ. ಖಾಲಿ ಭೂಮಿಗೆ ತಂತಿಬೇಲಿ ಸುತ್ತಿ ಸೋಲಾರ್ ಫಲಕ ಹಾಸತಕ್ಕದ್ದು. ಹತ್ತೇ ಏಕೆಂದು ಯಾರೂ ಕೇಳಿಲ್ಲ. ಕೇಳುವವರಿಗೆ ಬೇಕಾದ ಅರ್ಜಿ ನಮೂನೆ ಇನ್ನೂ ಅಚ್ಚಾಗಿಲ್ಲ.

ಜೈಸಲ್ಮೇರ್ ಸೀಮೆಯ ಲೂಣಾಸರದ ಓರಣ್ ಈ ನಿಯಮದ ಕಣ್ಣಿಗೆ ಬಿತ್ತು. ಓರಣ್ ಎಂದರೆ ದೇವಿಗೆ ಬಿಟ್ಟ ಕಾಡು. ಅಲ್ಲಿ ಕೊಡಲಿ ಎತ್ತುವಂತಿಲ್ಲ, ಆಡು ಮೇಯಿಸಬಹುದು. ಮುದುಕಿ ಧಾಪೂವಿನ ಇಪ್ಪತ್ತೆರಡು ಆಡುಗಳು ಬದುಕಿದ್ದು ಓರಣ್‌ನಿಂದ, ಧಾಪೂ ಬದುಕಿದ್ದು ಆಡುಗಳಿಂದ. ಹಾಗಾಗಿ ದೆಹಲಿಯಿಂದ ಗಿಡ ಎಣಿಸಲು ಬಂದ ಚತುರ್ಭುಜ ಓಝಾ ಅವರ ಹಿಂದೆಯೇ ಅವಳು ಮಜ್ಜಿಗೆ ಲೋಟ ಹಿಡಿದು ತಿರುಗಿದಳು.

ಓಝಾ ಪ್ರಾಮಾಣಿಕರು. ಖೇಜಡಿ, ಕೇರ್, ಜಾಳ್, ರೋಹಿಡಾ, ಫೋಗ್, ಸೇವಣ್ ಹುಲ್ಲು ಎಂದು ಆರು ಹೆಸರು ಬರೆದು, ನೆರಳಿಗೆಂದು ಒಂದು ಖೇಜಡಿ ಮರದ ಕೆಳಗೆ ನಿಂತರು. ಫಾಗುಣ ಮಾಸ. ಕೊಂಬೆಯಲ್ಲಿ ಹಳದಿಯದೇನೋ ತೂಗುತ್ತಿತ್ತು.

"ಇದೇನು ಮಾಜೀ?"

"ಮಿಂಝರ್."

ಖೇಜಡಿಯ ಹೂವನ್ನು ಆ ಸೀಮೆಯಲ್ಲಿ ಯಾರೂ ಹೂವು ಅನ್ನುವುದಿಲ್ಲ. ಓಝಾ ಏಳು ಎಂದು ಬರೆದರು.

"ಆಡು ತಿನ್ನುತ್ತಿರೋದು?"

"ಲೂಂಗ್." ಅದೇ ಮರದಿಂದ ಉದುರಿದ ಎಲೆಯ ಹೆಸರು ಅದು. ಎಂಟಾಯಿತು.

ನಿಯಮದಂತೆ ಮೂರು ಸಲ ಎಣಿಸಬೇಕು. ಬೈಸಾಖದಲ್ಲಿ ಬಂದಾಗ ಅದೇ ನೆರಳಿನಲ್ಲಿ ಹಸಿರು ಕಾಯಿ ಕಂಡವು, ಸಾಂಗ್ರಿ. ಸಾಂಗ್ರಿ ಪಲ್ಯವನ್ನು ಓಝಾ ಮದುವೆಯೂಟದಲ್ಲಿ ಉಂಡಿದ್ದರು. ಅದಕ್ಕೊಂದು ಗಿಡವಿರಬೇಕೆಂದು ಅಂದೇ ಊಹಿಸಿದ್ದರು. ಜೇಠದಲ್ಲಿ ಬಂದಾಗ ಕಾಯಿ ಒಣಗಿ ಖೋಖಾ ಆಗಿತ್ತು. ಹತ್ತು ತುಂಬಿತು.

ದೇವಿಯ ಕಾಡಿನಲ್ಲಿ ನಿಂತು ಸುಳ್ಳಿಗೆ ತಲೆಯಾಡಿಸಲು ಧಾಪೂಗೆ ಹೆದರಿಕೆಯಾಯಿತು. "ಸಾಹೇಬ್ರೇ, ಇದೆಲ್ಲಾ ಒಂದೇ ಮರದ್ದು."

"ಒಂದೇ ಮರದಲ್ಲಿ ನಾಲ್ಕು ಬಗೆ ಬೆಳೀತಾವಾ? ಬಹಳ ಒಳ್ಳೇ ಮಣ್ಣು ಮಾಜೀ" ಎಂದು ಓಝಾ ಅದನ್ನೂ ಷರಾದಲ್ಲಿ ಸೇರಿಸಿದರು.

ಓರಣ್ ಖಾಲಿಯಲ್ಲವೆಂದು ಪ್ರಮಾಣಪತ್ರ ಬಂತು. ಭಾದೋ ತಿಂಗಳಲ್ಲಿ, ಅಂದರೆ ಭಾದ್ರಪದದಲ್ಲಿ, ಮರುಪರಿಶೀಲನೆಗೆ ಬಂದ ಓಝಾರಿಗೆ ಏಳೇ ಸಿಕ್ಕವು. ಅವರ ಮುಖ ಬಾಡಿತು.

"ಮಿಂಝರ್ ಎಲ್ಲಿ?"

"ಫಾಗುಣದಲ್ಲಿ ಬರ್ತದೆ."

"ಈಗೆಲ್ಲಿಗೆ ಹೋಗಿದೆ?"

"ಎಲ್ಲಿಗೂ ಹೋಗಿಲ್ಲ. ಮರದೊಳಗೇ ಐತೆ, ಕಾಣಲ್ಲ ಅಷ್ಟೆ."

"ಕಾಣದಿದ್ರೆ ಗೈರುಹಾಜರಿ ಮಾಜೀ. ಅನುಮತಿ ಇಲ್ಲದೆ ಗೈರಾದ್ರೆ ಹೆಸರು ಹೊಡೀಬೇಕು. ಹೆಸರು ಹೊಡೆದ್ರೆ ಬೇಲಿ."

ಧಾಪೂ ಆಡುಗಳ ಕಡೆ ನೋಡಿದಳು. "ಅನುಮತಿ ತಗೊಂಡಿದ್ರೆ?"

ಓಝಾ ಪೆನ್ನು ಕೆಳಗಿಟ್ಟರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರಿಗೆ ಹೊಳೆಯದ್ದು ಮುದುಕಿಗೆ ಹೊಳೆದಿತ್ತು. "ತಗೊಂಡಿದ್ರೆ... ಅದು ರಜೆ."

ಅರ್ಜಿದಾರರಿಗೆ ಓದುಬರಹ ಬಾರದ ಕಾರಣ, ಪೋಷಕಿಯ ಸ್ಥಾನದಲ್ಲಿ ಧಾಪೂ ಮೂರು ಅರ್ಜಿಗಳಿಗೆ ಹೆಬ್ಬೆಟ್ಟು ಒತ್ತಿದಳು. ಆದೇಶ ಹೀಗಿತ್ತು: "ಮಿಂಝರ್, ಸಾಂಗ್ರಿ ಹಾಗೂ ಖೋಖಾ ಇವರುಗಳಿಗೆ ಋತುಮಾನ ರಜೆಯನ್ನು ಮಂಜೂರು ಮಾಡಿದೆ. ರಜಾ ಅವಧಿಯಲ್ಲಿ ಸದರಿಯವರು ಕೇಂದ್ರಸ್ಥಾನವನ್ನು ಬಿಡತಕ್ಕದ್ದಲ್ಲ." ಸದರಿಯವರು ಬಿಡಲಿಲ್ಲ.

ಮುಂದಿನ ವರ್ಷ ಸೆಕೆ ಬೇಗ ಬಂತು. ಮಿಂಝರ್ ಒಂಬತ್ತು ದಿನ ಮುಂಚೆ ಅರಳಿತು. ರಜೆ ಮುಗಿಯುವ ಮೊದಲೇ ಅಪ್ಪಣೆಯಿಲ್ಲದೆ ಕರ್ತವ್ಯಕ್ಕೆ ಹಾಜರಾದದ್ದೇಕೆ ಎಂದು ಕಾರಣ ಕೇಳಿ ನೋಟಿಸು ಬಂತು. ಓಝಾ ಖುದ್ದಾಗಿ ಬಂದು ಮರದೆದುರು ಓದಿ ಹೇಳಿದರು.

"ಉತ್ತರ ಏನಂತ ಬರೀಲಿ ಮಾಜೀ?"

"ಮನೇಲಿ ಕೂತು ಬೇಜಾರಾಯ್ತು ಅಂತ ಬರೀರಿ."

ಕಚೇರಿಯು ಉತ್ತರವನ್ನು ಒಪ್ಪಿ, ಎರಡನೇ ಸಲ ಮನ್ನಿಸುವುದಿಲ್ಲವೆಂದು ಎಚ್ಚರಿಸಿತು.

ಮರುವರ್ಷ ಧಾಪೂಗೆ ನಿದ್ದೆಯೇ ಹತ್ತಲಿಲ್ಲ. ರಜೆ ಮುಗಿಯಲು ಇನ್ನೂ ಒಂದು ದಿನವಿರುವಾಗ ನೋಡುತ್ತಾಳೆ, ಕೆಳಗಿನ ಕೊಂಬೆ ಹಳದಿಯಾಗಿದೆ. "ಒಂದು ದಿನ ತಡಕೊಳ್ಳೋಕಾಗಲ್ವೇನೇ ನಿನಗೆ?" ಎಂದು ಬೈದು ಸೆರಗಿನಿಂದ ಮುಚ್ಚಿ ಹಿಡಿದು ನಿಂತಳು. ಉಳಿದ ಕೊಂಬೆಗಳಿಗಾಗಿ ಊರಿನ ಗಂಡಸರು ಒಬ್ಬೊಬ್ಬರಾಗಿ ಬಂದು ಪೇಟ ಬಿಚ್ಚಿ ಸುತ್ತಿದರು. ಒಂಬತ್ತು ಮೊಳದ ಪೇಟಕ್ಕೆ ಎರಡೆರಡು ಕೊಂಬೆ ಸಿಕ್ಕವು. ಮರುದಿನದ ತಪಾಸಣೆಗೆಂದು ಒಂದು ದಿನ ಮುಂಚೆಯೇ ಬಂದಿಳಿದಿದ್ದ ಓಝಾ ಮರವನ್ನೊಂದು ಸುತ್ತು ಹಾಕಿ, ಬಡಗಣ ಬದಿಯಲ್ಲಿ ಒಂದು ಗೊಂಚಲು ಕಾಣುತ್ತಿದೆಯೆಂದು ತೋರಿಸಿದರು. ಬಟ್ಟೆ ಮುಗಿದಿತ್ತು. ಅವರು ಜೇಬಿನಿಂದ ತಮ್ಮ ಕರವಸ್ತ್ರ ತೆಗೆದು ಕೊಟ್ಟರು.