ಪಕ್ಕದ ತಟ್ಟೆಯ ಭ್ರೂಣ

ಹೊಟ್ಟೆಕಿಚ್ಚಿನವನಿಗೆ ದಿನಕ್ಕೊಂದು ಪ್ರಸಂಗ ತಾನಾಗಿಯೇ ಒದಗಿ ಬರುತ್ತದೆ. ಹೈದರಾಬಾದಿನ ನಮ್ಮ ಪ್ರಯೋಗಾಲಯದಲ್ಲಿ ನನಗಂತೂ ಇವುಗಳ ಬರವಿಲ್ಲ. ಕೆಲಸ ಇಷ್ಟೇ: ಸುಣ್ಣಕಲ್ಲನ್ನು ತೆಳು ಆಸಿಡ್‌ನಲ್ಲಿ ಕರಗಿಸಿ, ಉಳಿದ ಮರಳನ್ನು ತಟ್ಟೆಗೆ ಸುರಿದು, ಸೂಕ್ಷ್ಮದರ್ಶಕದ ಕೆಳಗೆ ಕುಂಚದ ತುದಿಯಿಂದ ಒಂದೊಂದೇ ಕಾಳು ಹೆಕ್ಕುವುದು. ಐವತ್ತು ಕೋಟಿ ವರ್ಷಕ್ಕೂ ಹಿಂದೆ, ಒಂದು ಕೋಶ ಎರಡಾಗಿ, ಎರಡು ನಾಲ್ಕಾಗುತ್ತಿದ್ದಾಗಲೇ ಕಲ್ಲಾದ ಪ್ರಾಣಿಭ್ರೂಣ ಅದರಲ್ಲಿ ಸಿಗಬೇಕು. ಯಾರಿಗೆ ಸಿಕ್ಕಿತೋ ಅವರ ಹೆಸರು ಲೇಖನದಲ್ಲಿ ಮೊದಲು.

೧

ನನ್ನ ಪಕ್ಕದ ಕುರ್ಚಿಯವರು ಧಾರವಾಡದ ಹೆಣ್ಣುಮಗಳು. ಒಂದೇ ತಿಂಗಳಲ್ಲಿ ಅವರಿಗೆ ಎರಡು ಸಿಕ್ಕವು. ನನಗೆ ಮರಳು. ಸುಲ್ತಾನ್ ಬಜಾರೆಲ್ಲ ಅಲೆದು ಅವರದೇ ನಂಬರಿನ ಕುಂಚ ತಂದೆ. ಆಗಲೂ ಮರಳು. ಮನೆಯಲ್ಲಿ ಗೋಳಾಡಿದಾಗ ಹೆಂಡತಿ ಸಮಾಧಾನ ಹೇಳಿದಳು:

"ಹೋಗ್ಲಿ ಬಿಡ್ರಿ. ಅಕ್ಕ್ಯಾಗಿನ ಕಲ್ಲು ಸೈತ ನಿಮಗ ಎಂದೂ ಕಂಡಿಲ್ಲ."

೨

ದೀಪಾವಳಿ ಮುಗಿದ ವಾರ. ಡಬ್ಬಿಯಲ್ಲಿ ಹಬ್ಬಕ್ಕೆ ಕರಿದ ಸಿಹಿ ಅನಾರಸ ಇತ್ತು. ಪಕ್ಕದ ಕುರ್ಚಿಯವರಿಗೂ ಕೊಡಬೇಕಾದೀತೆಂದು ಸೂಕ್ಷ್ಮದರ್ಶಕದ ಮರೆಯಲ್ಲೇ ತಿಂದು ಮುಗಿಸಿದೆ. ಮಧ್ಯಾಹ್ನ ತಟ್ಟೆಯಲ್ಲಿ ಒಂದು ಪುಟಾಣಿ ಗುಂಡು ಕಂಡಿತು. ಮೈತುಂಬ ಕೋಶಗಳ ಹಾಗೆ ಮನೆಮನೆ ಗೆರೆ!

"ಸಾರ್, ಸಿಕ್ಕಿತು!"

ನಮ್ಮ ಹಿರಿಯ ಸಾರ್ ಓಡಿಬಂದು ಸೂಜಿ ತಾಗಿಸಿದರು. ಪಚಕ್ ಎಂದಿತು. ಐವತ್ತು ಕೋಟಿ ವರ್ಷದ ಕಲ್ಲು ಪಚಕ್ ಎನ್ನುವುದಿಲ್ಲ. ಧಾರವಾಡದವರು ಇಣುಕಿ ನೋಡಿದರು.

"ಇದು ಅನಾರಸದ ಮ್ಯಾಲಿನ ಗಸಗಸಿ ಅಲ್ಲೇನ್ರಿ? ಒಬ್ಬರ ತಿಂದ್ರ್ಯಾ?"

೩

ಆಮೇಲೆ ನನಗೆ ಕಲ್ಲುಗಳ ಮೇಲೇ ಅನುಮಾನ ಬಂತು. ಅವರಿಗೆ ಒಳ್ಳೆಯ ಕಲ್ಲು, ನನಗೆ ದರಿದ್ರ ಕಲ್ಲು. ಅವರು ಇರಾನಿ ಚಹಾಕ್ಕೆ ಹೋದಾಗ, ಹೇಳಲು ನಾಚಿಕೆ, ನಮ್ಮಿಬ್ಬರ ತಟ್ಟೆಗಳನ್ನು ಅದಲುಬದಲು ಮಾಡಿ ಹೆಸರಿನ ಚೀಟಿಗಳನ್ನೂ ಬದಲಿಸಿಟ್ಟೆ.

ನಾಲ್ಕು ದಿನ ಅವರ ತಟ್ಟೆ ಕೆದಕಿದೆ. ಮರಳು. ಐದನೆಯ ದಿನ ಪಕ್ಕದಲ್ಲಿ ಚೀರಾಟ. ಹದಿನಾರು ಕೋಶದ ಭ್ರೂಣ, ಒಂದು ಕಡೆಯೂ ಮುಕ್ಕಾಗಿಲ್ಲ. ನಾನು ಬೇಡವೆಂದು ದಾಟಿಸಿದ ನನ್ನದೇ ತಟ್ಟೆಯಲ್ಲಿ!

ನನ್ನದು ಎನ್ನಬೇಕಾದರೆ ಮೊದಲು ಕಳ್ಳ ಎನಿಸಿಕೊಳ್ಳಬೇಕು. ಯಾರಿಗೂ ಗೊತ್ತಾಗದಿರಲೆಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಅವರ ಕಣ್ಣು ತುಂಬಿ ಬಂತು.

"ನೋಡ್ರಿ ಸಾರ್, ಮಂದಿ ಹೊಟ್ಟಿ ಉರಕೊಳ್ಳೋ ಈ ಕಾಲದಾಗ, ಎಂಥಾ ದೊಡ್ಡ ಮನಸ್ಸಿನವ್ರು ನನ್ನ ಬಾಜೂಕ ಕುಂತಾರ!"